ವಿಶ್ವಾಸಕ್ಕೆ ಬಂದ ಮೇಲೆ ಅಪ್ಪ ಯಾರು?

ಪ್ರಿಯ ಯೌವನಸ್ಥರೇ, ಇವತ್ತಿನ ವಾಕ್ಯಭಾಗ ಮಾರ್ಕ 7:9ರಿಂದ 13. ಪ್ರಶ್ನೆ ಒಂದೇ: ಯೇಸುವನ್ನು ನಂಬಿದ ಮೇಲೆ, ನಂಬದ ಅಪ್ಪನ ಜೊತೆ ನಾವು ಹೇಗಿರಬೇಕು?

ಒಬ್ಬ ಹುಡುಗಿಯ ವಿಷಯ ಹೇಳ್ತೀನಿ. ಗೌರಮ್ಮ, ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರನ ಮಗಳು. 1834ರಲ್ಲಿ ಕಂಪನಿ ಸರ್ಕಾರ ರಾಜನನ್ನು ಪಟ್ಟದಿಂದ ಇಳಿಸಿ ಕಾಶಿಗೆ ಕಳಿಸಿತು. 1852ರಲ್ಲಿ ಅವನು ಮಗಳನ್ನು ಕರಕೊಂಡು ಇಂಗ್ಲೆಂಡಿಗೆ ಹೋದ. ಅದೇ ವರ್ಷ ಆ ಮಗುವಿಗೆ ದೀಕ್ಷಾಸ್ನಾನ ಆಯಿತು. ವಿಕ್ಟೋರಿಯಾ ರಾಣಿಯೇ ಧರ್ಮತಾಯಿಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು.

ಆಮೇಲೆ ಮಗುವನ್ನು ಇಂಗ್ಲಿಷ್ ಮನೆತನದ ವಶಕ್ಕೆ ಕೊಟ್ಟರು. ಅಪ್ಪನ ಪ್ರಭಾವ ಬೀಳಬಾರದು ಅಂತ ಅವನ ಭೇಟಿಗೆ ಮಿತಿ ಹಾಕಿದರು. ಆ ಕಾಲದ ಇಂಗ್ಲಿಷ್ ಬೋರ್ಡಿಂಗ್ ಶಾಲೆಗಳಲ್ಲಿ ಹುಡುಗರನ್ನು ಭಾನುವಾರ ಕೂರಿಸಿ ಮನೆಗೆ ಕಾಗದ ಬರೆಸುತ್ತಿದ್ದರು. ಅವರ ಮಕ್ಕಳು ಅಪ್ಪನಿಗೆ ಕಾಗದ ಬರೀಬೇಕು. ಕೊಡಗಿನ ಮಗು ಮಾತ್ರ ಅಪ್ಪನಿಂದ ದೂರ ಇರಬೇಕು! 1859ರಲ್ಲಿ ಅಪ್ಪ ಲಂಡನ್ನಿನಲ್ಲೇ ತೀರಿಕೊಂಡ. 1864ರಲ್ಲಿ ಮಗಳೂ ಹೋದಳು, ವಯಸ್ಸು 25 ಕೂಡ ತುಂಬಿರಲಿಲ್ಲ. ಅಪ್ಪನ ಸಮಾಧಿ ಕೆನ್ಸಲ್ ಗ್ರೀನ್‌ನಲ್ಲಿ, ಮಗಳದು ಬ್ರಾಂಪ್ಟನ್‌ನಲ್ಲಿ.

"ಪಾಸ್ಟರ್, ಆ ರಾಜ ಒಳ್ಳೆಯವನಲ್ಲವಲ್ಲ" ಅನ್ನಬಹುದು. ಹೌದು, ಕ್ರೂರಿ ಅಂತಲೇ ಹೆಸರಾದವನು. ಕಂಪನಿಯಿಂದ ತನ್ನ ಹಣ ವಾಪಸು ಪಡೆಯಲು ಹೋದವನು. ಆದರೆ ವಿಮೋಚನಕಾಂಡ 20:12ರಲ್ಲಿ ಅಪ್ಪ ಒಳ್ಳೆಯವನಾಗಿದ್ದರೆ ಅನ್ನೋ ಷರತ್ತಿಲ್ಲ. ವಿಶ್ವಾಸಿಯಾಗಿದ್ದರೆ ಅಂತಲೂ ಇಲ್ಲ.

ಮಾರ್ಕ 7ರಲ್ಲಿ 'ಕೊರ್ಬಾನ್' ಅನ್ನೋ ಪದ ಬರುತ್ತೆ. ಹೆತ್ತವರಿಗೆ ಸಲ್ಲಬೇಕಾದ್ದನ್ನು, ಇದು ದೇವರಿಗೆ ಮೀಸಲು ಅಂತ ಹೇಳಿ ಕೊಡದೇ ಇರೋದು. ಯೇಸು ಅದನ್ನು ಭಕ್ತಿ ಅಂತ ಒಪ್ಪಲಿಲ್ಲ. ದೇವರ ಆಜ್ಞೆಯನ್ನೇ ತಳ್ಳಿಹಾಕಿದಿರಿ ಎಂದು ಗದರಿಸಿದರು.

"ಮತ್ತಾಯ 10:37 ಇದೆಯಲ್ಲ?" ಇದೆ. ಕರ್ತನು ಮೊದಲು. ಯೇಸುವನ್ನು ಬಿಡು ಅಂತ ಅಪ್ಪ ಹೇಳಿದರೆ ಬಿಡೋಕಾಗಲ್ಲ. ಆದರೆ ಆ ಮಾತನ್ನು ಅವರ ಎದುರು ಕೂತು, "ಅಪ್ಪಾ" ಅಂತ ಕರೆದೇ ಹೇಳಬೇಕು. ಎರಡನೇ ಸ್ಥಾನ ಅಂದರೆ ಸ್ಥಾನವೇ ಇಲ್ಲ ಅಂತಲ್ಲ. ಶಿಲುಬೆಯ ಮೇಲೆ ಪ್ರಾಣ ಹೋಗುವಾಗಲೂ ಕರ್ತನು ತಾಯಿಯನ್ನು ಶಿಷ್ಯನಿಗೆ ಒಪ್ಪಿಸಿದನು. ಹೊಡೆಯುವ ಅಪ್ಪನ ಕೈಗೆ ಸಿಕ್ಕಿಬೀಳಿ ಅಂತ ನಾನು ಹೇಳ್ತಿಲ್ಲ. ದೂರ ಇದ್ದುಕೊಂಡೂ ಗೌರವ ಕೊಡಬಹುದು.

ವಿರಾಜಪೇಟೆ, ಸೋಮವಾರಪೇಟೆ ಕಡೆಯಿಂದ ಬಂದು ಇಲ್ಲಿ ಪಿಜಿಯಲ್ಲಿರುವ ಕೆಲವರು "ಮನೆಯವರ ರಕ್ಷಣೆಗೆ ಪ್ರಾರ್ಥಿಸಿ" ಅಂತೀರಿ. ಅಪ್ಪನಿಗೆ ಕೊನೆಗೆ ಫೋನ್ ಮಾಡಿದ್ದು ಯಾವಾಗ ಅಂದರೆ ತಲೆ ತಗ್ಗಿಸ್ತೀರಿ. ಪೂಜೆ ಇರುತ್ತೆ ಅಂತ ಹುತ್ತರಿ ದಿನ ಮನೆಗೆ ಹೋಗಲಿಲ್ಲ, ಸರಿ. ಮರುದಿನ ಹೋಗಬಹುದಿತ್ತಲ್ಲ? ಗೌರಮ್ಮನಿಗೂ ಅಪ್ಪನಿಗೂ ನಡುವೆ ಗೋಡೆ ಕಟ್ಟಿದವರು ಬೇರೆಯವರು. ನಮ್ಮ ಗೋಡೆಯನ್ನು ನಾವೇ ಕಟ್ಟಿ, ಅದಕ್ಕೆ ವಿಶ್ವಾಸ ಅಂತ ಹೆಸರಿಟ್ಟಿದ್ದೇವೆ.

ಈ ವಾರ ಫೋನ್ ಮಾಡಿ. ಮೊದಲನೇ ಮಾತಿಗೇ ಸುವಾರ್ತೆ ಬೇಡ. ಕಾಫಿ ಕುಯ್ಲು ಆಯ್ತಾ, ಮಂಡಿನೋವು ಹೇಗಿದೆ ಅಂತ ಕೇಳಿ. ಅವರು ಬೈದರೆ ಕೇಳಿಸಿಕೊಳ್ಳಿ. ಮುಂದಿನ ವಾರ ಮತ್ತೆ ಮಾಡಿ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಮ್ಮನ್ನು ಬೆಳೆಸಿದ ತಂದೆಯ ಕಡೆಗೆ ನಮ್ಮ ಹೃದಯ ತಿರುಗಿಸು. ಯೇಸುವಿನ ನಾಮದಲ್ಲಿ, ಆಮೆನ್.