ಯಾರ ಪದ, ಯಾರ ಬಾಯಲ್ಲಿ

ಕೆಲಸದ ಮೇಲೆ ಉತ್ತರ ಇಂಗ್ಲೆಂಡಿನ ಒಂದು ಊರಿನಲ್ಲಿ ನಾಲ್ಕು ವರ್ಷ ಇದ್ದೆ. ಚಳಿಗಾಲದಲ್ಲಿ ಅಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಕತ್ತಲಾದ ಮೇಲೆ ಒಂಟಿ ಮನುಷ್ಯನಿಗೆ ಹೋಗಿ ಕೂರಲು ಒಂದು ಜಾಗ ಬೇಕು. ನನಗೆ ಸಿಕ್ಕಿದ್ದು ಒಂದು ಪಬ್ಬಿನ ಮಹಡಿ. ಮಂಗಳವಾರ ರಾತ್ರಿ ಎಂಟಕ್ಕೆ ಅಲ್ಲಿ ಫೋಕ್ ಕ್ಲಬ್ ಸೇರುತ್ತಿತ್ತು. ಕ್ಲಬ್ ಅಂದರೆ ನಮ್ಮ ಕಡೆಯ ಇಸ್ಪೀಟಿನ ಕ್ಲಬ್ಬಲ್ಲ. ಒಂದಕ್ಕೊಂದು ಹೊಂದದ ಮೂವತ್ತು ಕುರ್ಚಿ, ಬಾಗಿಲ ಬಳಿ ಒಂದು ಮೇಜು, ಮೇಜಿನ ಮೇಲೆ ಚಿಲ್ಲರೆ ತುಂಬಿದ ಬಿಸ್ಕತ್ತಿನ ಡಬ್ಬಿ. ಮೈಕಿಲ್ಲ, ವೇದಿಕೆಯಿಲ್ಲ. ಕೆಲವು ವಾರ ಹೊರಗಿನಿಂದ ಹೆಸರಾದ ಹಾಡುಗಾರರು ಬರುತ್ತಿದ್ದರು. ಮಿಕ್ಕ ವಾರಗಳಲ್ಲಿ ಬಾಗಿಲಲ್ಲಿ ಹೆಸರು ಬರೆಸಿದವರೆಲ್ಲ ಹಾಡುಗಾರರೇ. ಒಬ್ಬೊಬ್ಬರಿಗೆ ಎರಡು ಹಾಡು.

ಕೇಳಲು ಬಂದವರೇ ಹಾಡುವುದು, ಹಾಡಿದವರು ಹೋಗಿ ಮತ್ತೆ ಕೇಳುವುದಕ್ಕೆ ಕೂರುವುದು. ನಮ್ಮೂರ ಭಜನೆ ಮನೆಯ ಹಾಗೆಯೇ. ನಿವೃತ್ತರಾದ ಒಬ್ಬ ಅಂಚೆಯವರಿದ್ದರು. ಪ್ರತಿ ವಾರವೂ ತಿಮಿಂಗಿಲ ಬೇಟೆಯ ಹಾಡು. ಹಡಗು ಹತ್ತಿದವರಲ್ಲ, ಅದು ಎಲ್ಲರಿಗೂ ಗೊತ್ತು. ಮೂರನೇ ನುಡಿಯಲ್ಲಿ ಖಾಯಂ ಮರೆಯುತ್ತಿದ್ದರು. ಮೂಲೆಯಿಂದ ಯಾರೋ ಸಾಲು ಎತ್ತಿಕೊಡುತ್ತಿದ್ದರು, ಅವರು ಕಣ್ಣು ಮುಚ್ಚಿ ಮುಂದುವರಿಸುತ್ತಿದ್ದರು. ಪಲ್ಲವಿ ಬಂದಾಗ ಕೋಣೆಯೆಲ್ಲ ದನಿಗೂಡಿಸಿ, ನೆಲದ ಹಲಗೆ ಸಣ್ಣಗೆ ನಡುಗುತ್ತಿತ್ತು. ಇನ್ನೊಂದು ಪದ್ಧತಿ ನನಗೆ ಮೆಚ್ಚುಗೆಯಾಗಿತ್ತು. ಹಾಡುವ ಮೊದಲು ಎರಡು ಮಾತಿನಲ್ಲಿ, ಇದನ್ನು ಯಾರಿಂದ ಕಲಿತೆ ಅಂತ ಹೇಳುವುದು. ಇಂಥ ಊರಿನ ಬಡಗಿ, ಇಂಥ ಮೀನುಗಾರ. ಕೆಲವರು ಈ ಮಾತನ್ನೇ ಹಾಡಿಗಿಂತ ಉದ್ದ ಮಾಡುತ್ತಿದ್ದರು. ಅದು ಬೇರೆ ವಿಷಯ.

ಎರಡನೇ ಚಳಿಗಾಲದಲ್ಲಿ, ಕ್ಲಬ್ಬು ನಡೆಸುತ್ತಿದ್ದ ಹಿರಿಯ ಹೆಂಗಸು ನನ್ನ ಹತ್ತಿರ ಬಂದು, "ಇಷ್ಟು ದಿನ ನಮ್ಮದು ಕೇಳಿದ್ದೀರಿ, ಇವತ್ತು ನಿಮ್ಮದೊಂದು ಹಾಡಿ" ಎಂದರು. ನಮ್ಮದು ಎಂದರೆ ಯಾವುದು? ಅಶ್ವತ್ಥ್, ಅನಂತಸ್ವಾಮಿ ಹಾಡಿದ ಭಾವಗೀತೆಗಳು ಬರುತ್ತಿದ್ದವು, ರಾಜಕುಮಾರರ ಸಿನಿಮಾ ಹಾಡೂ ಬರುತ್ತಿತ್ತು. ಆ ಕೋಣೆಯಲ್ಲಿ ಎದ್ದು ನಿಂತಾಗ ಅವು ಯಾವುವೂ ಬಾಯಿಗೆ ಬರಲಿಲ್ಲ. ಬಂದದ್ದು ಮಂಟೇಸ್ವಾಮಿ ಪದ. ತೊಡೆಯ ಮೇಲೆ ಕೈ ಬಡಿದುಕೊಂಡು, ಕಲ್ಯಾಣದ ಸಾಲಿನಿಂದ ಏಳೆಂಟು ನಿಮಿಷ ಹಾಡಿದೆ. ಜೋರು ಚಪ್ಪಾಳೆ. ಆಮೇಲೆ ಒಬ್ಬರು ಬಿಯರ್ ಲೋಟ ಹಿಡಿದು ಬಂದು, "ಇದು ನಿಮ್ಮ ಮನೆತನದಲ್ಲಿ ಬಂದದ್ದಾ?" ಎಂದು ಕೇಳಿದರು. "ಹೌದು, ನಮ್ಮ ಮನೆಯಲ್ಲಿ ಕೇಳುತ್ತಲೇ ಬೆಳೆದೆ" ಎಂದೆ.

ಎರಡನೇ ಮಾತು ಸುಳ್ಳಲ್ಲ. ಮೊದಲನೆಯ "ಹೌದು" ಸುಳ್ಳು.

ಮಳವಳ್ಳಿ ಸೀಮೆಯ ಹಳ್ಳಿ ನಮ್ಮದು. ಹತ್ತಿರದ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿ ಗದ್ದಿಗೆಯಿದೆ. ಬನದ ಹುಣ್ಣಿಮೆಗೆ ಊರೂರಿನ ಗಾಡಿಗಳು ಚಿಕ್ಕಲ್ಲೂರು ಜಾತ್ರೆಗೆ ಹೊರಡುತ್ತಿದ್ದವು. ಸುಗ್ಗಿ ಮುಗಿದ ಮೇಲೆ ನಮ್ಮಜ್ಜಿ ಕತೆ ಮಾಡಿಸುತ್ತಿದ್ದರು. ಊರಾಚೆಯ ಕೇರಿಯಿಂದ ನೀಲಗಾರಯ್ಯ ಬರುತ್ತಿದ್ದರು. ತಂಬೂರಿ ಹೆಗಲಿಗೆ, ಗಗ್ಗರ ಕೈಗೆ, ಡಕ್ಕಿ ಮತ್ತು ತಾಳ ಹಿಡಿದು ಇನ್ನಿಬ್ಬರು. ನಾವು ಜಗುಲಿಯ ಮೇಲೆ ಕಂಬಳಿ ಹೊದ್ದು ಕೂರುತ್ತಿದ್ದೆವು, ಅವರು ಅಂಗಳದಲ್ಲಿ. ನಡುವೆ ಮೂರು ಮೆಟ್ಟಿಲು. ನಡುರಾತ್ರಿಯಲ್ಲಿ ಅವರಿಗೆ ಕಾಫಿ ಕೊಡುತ್ತಿದ್ದದ್ದು ಗೋಡೆಯ ಸಂದಿನಲ್ಲಿ ಇಟ್ಟಿರುತ್ತಿದ್ದ ಬೇರೆ ಲೋಟದಲ್ಲಿ. ಕುಡಿದು, ತಾವೇ ತೊಳೆದು, ಅಲ್ಲೇ ಇಡುತ್ತಿದ್ದರು. ಬೆಳಗಾದ ಮೇಲೆ ಅಜ್ಜಿ ಮೊರದಲ್ಲಿ ರಾಗಿ ತಂದು, ಮೇಲಿನಿಂದ ಅವರ ಜೋಳಿಗೆಗೆ ಸುರಿಯುತ್ತಿದ್ದರು. ಇವತ್ತು ನಾನು ಅವರನ್ನು ಬಹುವಚನದಲ್ಲಿ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಅವರು "ಅವನು". ಆಗ ಹತ್ತು ವರ್ಷದ ಹುಡುಗನಾಗಿದ್ದ ನನಗೂ "ಅವನೇ".

ಕಲ್ಯಾಣದ ಸಾಲಿನ ಕತೆ ಗೊತ್ತಿರುವವರಿಗೆ ಇದರ ವಿಪರೀತ ಈಗಲೇ ತಟ್ಟಿರಬೇಕು. ಬಸವಣ್ಣನ ಕಲ್ಯಾಣದಲ್ಲಿ ನಿಜವಾದ ಶರಣರು ಎಷ್ಟು ಮಂದಿ ಎಂದು ನೋಡಲು ಮಂಟೇಸ್ವಾಮಿ ಹೊಲಸು ವೇಷ ಹಾಕಿ, ಸತ್ತ ಕರು ಹೊತ್ತು ಬರುತ್ತಾರೆ. ನಾರುವ ಮೈಯವನನ್ನು ಬಾಗಿಲಲ್ಲಿದ್ದವರು ಒಳಕ್ಕೆ ಬಿಡುವುದಿಲ್ಲ. ಈ ಕತೆಯನ್ನು ಬಾಗಿಲ ಹೊರಗೆ ಕೂತವರು ಹೇಳುತ್ತಿದ್ದರು, ಒಳಗಿನವರಾದ ನಾವು ಕೇಳಿ ಕಣ್ಣೊರೆಸಿಕೊಳ್ಳುತ್ತಿದ್ದೆವು. ಅಜ್ಜಿಯಂತೂ ಬಾಗಿಲು ಕಾಯುವವರಿಗೆ ಶಾಪ ಹಾಕುತ್ತಿದ್ದರು. ಅವರು ಕೆಟ್ಟವರಲ್ಲ. ತಾವು ಕೂತದ್ದೂ ಒಂದು ಬಾಗಿಲು ಎಂದು ಅವರಿಗೆ ತೋಚಲಿಲ್ಲ. ಅವರ ಮೊಮ್ಮಗನಿಗೆ ಅದು ತೋಚಬೇಕಾದರೆ ಇಂಗ್ಲೆಂಡಿಗೆ ಹೋಗಬೇಕಾಯಿತು ಎಂದರೆ, ಅದನ್ನೂ ಹೆಮ್ಮೆಯಿಂದ ಹೇಳಿಕೊಳ್ಳುವಂತಿಲ್ಲ.

ಹಾಗಾದರೆ ನಾನು ಹಾಡಿದ್ದು ತಪ್ಪೇ? ಈ ಪ್ರಶ್ನೆಯನ್ನು ಆ ದೇಶದ ಫೋಕ್ ಕ್ಲಬ್ಬುಗಳೂ ತಮ್ಮ ರೀತಿಯಲ್ಲಿ ಕೇಳಿಕೊಂಡಿವೆ. 1950ರ ದಶಕದಲ್ಲಿ ಲಂಡನ್ನಿನ ಒಂದು ಕ್ಲಬ್ಬಿನಲ್ಲಿ ಲಂಡನ್ ಹುಡುಗನೊಬ್ಬ ಅಮೆರಿಕದ ಲೆಡ್ ಬೆಲ್ಲಿ ಎಂಬ ಕಪ್ಪು ಹಾಡುಗಾರನ "ರಾಕ್ ಐಲೆಂಡ್ ಲೈನ್" ಹಾಡಿದಾಗ, ಕೇಳುತ್ತಿದ್ದ ಪೆಗ್ಗಿ ಸೀಗರ್‌ಗೆ ನಗು ತಡೆಯಲಾಗಲಿಲ್ಲವಂತೆ. ಆಕೆ ಅಮೆರಿಕದಿಂದ ಬಂದವರು. ಚರ್ಚೆ ಹತ್ತಿಕೊಂಡು, ಕೊನೆಗೆ ಒಂದು ನಿಯಮವಾಯಿತು: ಇಲ್ಲಿ ಹಾಡುವವರು ತಮ್ಮ ಭಾಷೆಯ, ತಮ್ಮ ಸೀಮೆಯ ಹಾಡನ್ನು ಮಾತ್ರ ಹಾಡಬೇಕು. ಅದನ್ನು ಹಟ ಹಿಡಿದು ನಡೆಸಿದವರು ಯೂವನ್ ಮೆಕಾಲ್. 1961ರಲ್ಲಿ ಶುರುವಾದ ಅವರ ಸಿಂಗರ್ಸ್ ಕ್ಲಬ್ಬಿಗೆ ಅದೇ ಬುನಾದಿ. ಬೈಗುಳ ಬೇಕಾದಷ್ಟು ಬಂತು. ಆದರೆ ಆ ನಿಯಮದ ಒತ್ತಾಯಕ್ಕೆ ಬಿದ್ದು ಎಷ್ಟೋ ಹುಡುಗರು ತಮ್ಮ ಅಜ್ಜಂದಿರ ಹಾಡು ಹುಡುಕಿಕೊಂಡು ಹೋದರು.

ತಮಾಷೆಯೆಂದರೆ ಮೆಕಾಲ್ ಹುಟ್ಟುಹೆಸರು ಜೇಮ್ಸ್ ಹೆನ್ರಿ ಮಿಲ್ಲರ್. ಹುಟ್ಟಿದ್ದು ಇಂಗ್ಲೆಂಡಿನ ಸಾಲ್ಫರ್ಡ್‌ನಲ್ಲಿ, ತಂದೆತಾಯಿ ಸ್ಕಾಟ್ಲೆಂಡಿನವರು. ಸ್ಕಾಟಿಷ್ ಹೆಸರನ್ನು ತಾವೇ ಇಟ್ಟುಕೊಂಡರು, ಸ್ಕಾಟಿಷ್ ಹಾಡುಗಳನ್ನು ಹಾಡಿದರು. ಇನ್ನು ಆ "ರಾಕ್ ಐಲೆಂಡ್ ಲೈನ್"? ಲೂಸಿಯಾನದ ಲೆಡ್ ಬೆಲ್ಲಿಗೆ ಅದು ಸಿಕ್ಕಿದ್ದು 1934ರಲ್ಲಿ, ಜಾನ್ ಲೋಮ್ಯಾಕ್ಸ್ ಎಂಬ ಸಂಗ್ರಾಹಕರ ಜೊತೆ ಅರ್ಕನ್ಸಾದ ಜೈಲುಗಳಿಗೆ ಹೋದಾಗ. ಅಲ್ಲಿನ ಕೈದಿಗಳು ಹಾಡುತ್ತಿದ್ದದ್ದು ಅದು. ಆ ಕೈದಿಗಳು ಯಾರಿಂದ ಕಲಿತರೋ. ಹಾಡಿನ ಖಾತೆ ಪಹಣಿ ತೆಗೆಸಲು ಹೊರಟರೆ ಹೀಗೇ, ಹಿಂದಿನ ಹೆಸರಿನ ಹಿಂದೆ ಇನ್ನೊಂದು ಹೆಸರು.

ನನ್ನನ್ನು ಕಾಡಿದ್ದು ಇದಲ್ಲ. ಮೆಕಾಲ್ ನಿಯಮದ ಪ್ರಕಾರ ನಾನು ಪೂರಾ ಪಾಸು. ಕನ್ನಡದವನು, ಅದೇ ಸೀಮೆಯವನು, ಉಚ್ಚಾರವೂ ಅದೇ. ಆ ಅಂಚೆಯವರು ಮಂಟೇಸ್ವಾಮಿ ಪದ ಹಾಡಿದ್ದರೆ ನಿಯಮ ಮುರಿದಂತೆ. ನಾನು ಹಾಡಿದರೆ ಸರಿ. ಸಾವಿರಾರು ಮೈಲಿ ದೂರವನ್ನು ಅಳೆಯುವ ಆ ಕೋಲಿಗೆ ನಮ್ಮ ಜಗುಲಿಯ ಮೂರು ಮೆಟ್ಟಿಲು ಕಾಣುವುದೇ ಇಲ್ಲ.

ಕದ್ದೆ ಎನ್ನಲೂ ಆಗದು. ರಾಗಿ ಕೊಟ್ಟರೆ ಕೊಟ್ಟವರ ಕಣಜದಲ್ಲಿ ಅಷ್ಟು ಕಡಿಮೆ. ಪದ ನನ್ನ ಕಿವಿಗೆ ಬಿದ್ದದ್ದರಿಂದ ನೀಲಗಾರಯ್ಯನಿಗೆ ಒಂದಕ್ಷರವೂ ಕಡಿಮೆಯಾಗಲಿಲ್ಲ. ಆದರೂ ಆ ರಾತ್ರಿ ನಾನು ಏನನ್ನೋ ತೆಗೆದುಕೊಂಡೆ. ಬಹಳ ದಿನ ಯೋಚಿಸಿದ ಮೇಲೆ ಅದು ಮರ್ಯಾದೆ ಎಂದು ನನಗೆ ಅನ್ನಿಸಿತು. ಆ ಪದಕ್ಕೆ ಸಲ್ಲಬೇಕಾಗಿದ್ದ ಕುರ್ಚಿ, ಎದುರುಬದುರು ಕೂತು ಕುಡಿಯುವ ಲೋಟ, "ಇದು ನಿಮ್ಮ ಮನೆತನದ್ದಾ" ಎಂದು ಕೇಳುವ ಸೌಜನ್ಯ. ಹಾಡಿದವರಿಗೆ ನಮ್ಮ ಅಂಗಳದಲ್ಲಿ ಇವು ಒಂದೂ ಸಿಗಲಿಲ್ಲ. ಅವರನ್ನು ಅಂಗಳದಲ್ಲಿ ಕೂರಿಸಿದ ಮನೆಯ ಹುಡುಗನಿಗೆ, ಅವರದೇ ಪದಕ್ಕೆ, ಎಲ್ಲವೂ ಸಿಕ್ಕಿತು.

1903ರಲ್ಲಿ ಸೆಸಿಲ್ ಶಾರ್ಪ್, ಸಾಮರ್ಸೆಟ್ ಸೀಮೆಯ ಹ್ಯಾಂಬ್ರಿಡ್ಜ್ ಎಂಬ ಹಳ್ಳಿಯ ಪಾದ್ರಿ ಮನೆಯ ತೋಟದಲ್ಲಿ ಕೂತಿದ್ದಾಗ, ಹುಲ್ಲು ಕತ್ತರಿಸುತ್ತಿದ್ದ ಮಾಲಿ ಜಾನ್ ಇಂಗ್ಲೆಂಡ್ ಹಾಡುವುದನ್ನು ಕೇಳಿದರು. ಅವರ ಸಂಗ್ರಹದ ಕೆಲಸ ಶುರುವಾದದ್ದು ಅಲ್ಲಿಂದ. ಅದೇ ರಾತ್ರಿಯ ಔತಣಕೂಟದಲ್ಲಿ ಆ ಹಾಡನ್ನು ಪಿಯಾನೊ ಕೂಡಿಸಿ ಹಾಡಿಸಿದರು. ಹಾಡಿಗೆ ಮೊದಲ ಸಲ ಸಂಜೆಕೂಟದ ಉಡುಪು ತೊಡಿಸಿದಂತಾಯಿತು ಎಂದು ಯಾರೋ ಅಂದರಂತೆ. ಮಾಲಿಯೂ ಅಲ್ಲಿದ್ದರು. ಹೆಮ್ಮೆಪಟ್ಟರಂತೆ, ಆದರೆ ಆ ಉಡುಪಿನ ಬಗ್ಗೆ ಅವರಿಗೆ ಅಷ್ಟು ಖಾತರಿಯಿರಲಿಲ್ಲವಂತೆ. ಇದನ್ನು ಓದಿದಾಗ ಉಡುಪಿಗಿಂತ ನನಗೆ ಹತ್ತಿದ್ದು ಇನ್ನೊಂದು. ಜಾನ್ ಇಂಗ್ಲೆಂಡ್ ಆ ಕೋಣೆಯೊಳಗೆ ಇದ್ದರು. ತಮ್ಮ ಹಾಡಿಗೆ ಏನಾಗುತ್ತಿದೆ ಎಂದು ಕೂತು ನೋಡಿದರು, ಅದರ ಬಗ್ಗೆ ಅವರಿಗೊಂದು ಅಭಿಪ್ರಾಯವಿತ್ತು, ಅದನ್ನು ಬರೆದಿಟ್ಟುಕೊಂಡವರೂ ಇದ್ದರು.

ಹಾಗಂತ "ಅವರವರ ಹಾಡು ಅವರವರಿಗೇ" ಎಂದುಬಿಟ್ಟರೆ ಮುಗಿಯಿತೇ? ನಮ್ಮಲ್ಲಿ ಈ ನಿಯಮ ಮೆಕಾಲ್‌ಗಿಂತ ಎಷ್ಟೋ ಮೊದಲಿನದು. ತಮಟೆ ಇಂಥವರೇ ಬಡಿಯಬೇಕು ಎಂದು ಊರು ಗೊತ್ತುಮಾಡಿತ್ತು. ಅದನ್ನು ಕೆಳಗಿಟ್ಟು "ಇನ್ನು ಬಡಿಯುವುದಿಲ್ಲ" ಎಂದು ಹೇಳಲು ಜನ ಹೋರಾಡಬೇಕಾಯಿತು. ಜನಪದ ಉತ್ಸವಗಳ ವೇದಿಕೆಯಲ್ಲಿ "ಇದು ನಿಮ್ಮ ಪರಂಪರೆ, ನೀವೇ ಉಳಿಸಿ" ಎಂದು ಭಾಷಣ ಮಾಡುವವರ ಮಕ್ಕಳು ಎಲ್ಲಿ ಓದುತ್ತಿದ್ದಾರೆ ಎಂದು ಕೇಳಬೇಕು. ನಾನೂ ಆ ಭಾಷಣ ಮಾಡಿದವನೇ. ನೀಲಗಾರಯ್ಯನ ಮೊಮ್ಮಗ ನನ್ನ ತಮ್ಮನ ಸಹಪಾಠಿ, ಬೆಂಗಳೂರಿನಲ್ಲಿ ಕಾರು ಓಡಿಸುತ್ತಾನೆ. ಚಿಕ್ಕಲ್ಲೂರು ಜಾತ್ರೆಯಲ್ಲಿ ಸಿಕ್ಕಿದಾಗ, "ನಿಮ್ಮ ತಾತನ ವಿದ್ಯೆ ಬಿಡಬಾರದಿತ್ತು ಕಣೋ" ಎಂದಿದ್ದೆ. ಅವನು ನಗುತ್ತಲೇ, "ನೀವ್ ಆರಂಬ ಬುಡ್ಲಿಲ್ವಾಣ್ಣ?" ಎಂದ. ಅವನ ತಾತ ನನ್ನ ತಂದೆಯನ್ನು "ಬುದ್ಧಿ" ಎನ್ನುತ್ತಿದ್ದರು. ಇವನು ನನ್ನನ್ನು "ಅಣ್ಣ" ಎನ್ನುತ್ತಾನೆ. ಇಷ್ಟಾದರೂ ಆಗಿದೆ.

ಕ್ಲಬ್ಬಿನಲ್ಲಿ ಹಾಡಿ ಒಂದು ತಿಂಗಳಾದ ಮೇಲೆ ಅವನಿಗೇ ಫೋನು ಮಾಡಿದೆ. ತಪ್ಪೊಪ್ಪಿಗೆಯ ದನಿಯಲ್ಲಿ ಎಲ್ಲ ಹೇಳಿದೆ. ಅವನು ಕೇಳಿದ ಮೊದಲ ಪ್ರಶ್ನೆ, "ಕಾಸ್ ಕೊಟ್ರಾ?"

"ಇಲ್ಲ. ಅಲ್ಲಿ ಎಲ್ಲರೂ ಸುಮ್ಮನೆ ಹಾಡೋದು."

"ಬರಿಗೈಲಾ? ನಮ್ ತಾತಂಗೆ ಒಂದ್ ಮೊರ ರಾಗಿನಾದ್ರೂ ಸಿಕ್ತಿತ್ತು ಕಣಣ್ಣ!"

ಇಬ್ಬರೂ ನಕ್ಕೆವು. ಆಮೇಲೆ ಯಾವ ಭಾಗ ಎಂದು ಕೇಳಿದ. ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. "ಅದು ನಂಗೆ ಪೂರ್ತಿ ಬರಕಿಲ್ಲ. ಆಡಿ ಕಳ್ಸಿ" ಎಂದ. ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಹಾಡಿ, ವಾಟ್ಸಾಪಿನಲ್ಲಿ ಕಳಿಸಿದೆ. ಮಾರನೆಯ ದಿನ ಉತ್ತರ ಬಂತು. ಟ್ರಾಫಿಕ್ಕಿನ ಹಾರ್ನುಗಳ ನಡುವೆ ಅವನ ದನಿ: ಒಂದು ಕಡೆ ನಾನು ಎಳೆಯುವುದು ತಪ್ಪು, ಅಲ್ಲಿ ತಾತ ಎಳೆಯುತ್ತಿರಲಿಲ್ಲ, ಗಕ್ಕನೆ ನಿಲ್ಲಿಸಿ ಡಕ್ಕಿಗೆ ಬಿಡುತ್ತಿದ್ದರು. ಹೇಗೆಂದು ಒಂದು ಸಾಲು ಹಾಡಿ ತೋರಿಸಿದ್ದ. ಪದ ಪೂರ್ತಿ ಬರದವನಿಗೆ ನಿಲ್ಲುವ ಜಾಗ ಗೊತ್ತಿತ್ತು.

ನಿಮ್ಮ ತಾತನ ಹೆಸರು ಹೇಳಿಯೇ ಇನ್ನು ಹಾಡುತ್ತೇನೆ, ಇದನ್ನೆಲ್ಲ ಬರೆಯುತ್ತೇನೆ ಕೂಡ ಎಂದೆ. ಈ ಪರಿಹಾರ ಹೊಳೆದದ್ದಕ್ಕೆ ನನಗೆ ಒಳಗೊಳಗೇ ಸಮಾಧಾನವಾಗಿತ್ತು. "ಅಲ್ಲಿ ಏಳ್ಕಳಿ. ಇಲ್ಲಿ ಬರೀಬ್ಯಾಡಿ" ಎಂದ. ಯಾಕೆ ಎಂದು ಕೇಳಬಾರದಿತ್ತು, ಕೇಳಿದೆ. ಬಾಡಿಗೆ ಮನೆ ಹಿಡಿದಿದ್ದಾನೆ, ಓನರ್ ಓದುವ ಮನುಷ್ಯ, ಮಗಳು ಶಾಲೆಗೆ ಹೋಗುತ್ತಿದ್ದಾಳೆ. ಹೆಸರು, ಊರು, ತಂಬೂರಿ ಮೂರೂ ಒಟ್ಟಿಗೆ ಬಂದರೆ ಕೇರಿ ಯಾವುದೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೀಗಾಗಿ ಈ ಬರಹದಲ್ಲಿ ಹೆಸರಿಲ್ಲ. ಋಣ ಹೇಳಿಕೊಂಡರೆ ಹಗುರಾಗುವವನು ನಾನು, ಅದರ ಭಾರ ಬೀಳುವುದು ಅವನ ಮನೆಯ ಮೇಲೆ. ಇದಕ್ಕೆ ನನ್ನ ಹತ್ತಿರ ಉಪಾಯವಿಲ್ಲ.

ಮುಂದಿನ ಮಂಗಳವಾರ ಹೆಸರು ಬರೆಸಿದೆ. ಹಾಡುವ ಮೊದಲು, ಇದನ್ನು ಯಾರಿಂದ ಕೇಳಿದೆ, ಅವರು ಎಲ್ಲಿ ಕೂತಿದ್ದರು, ನಾವು ಎಲ್ಲಿ ಕೂತಿದ್ದೆವು ಎಂದು ಹೇಳಿದೆ. ಮೆಟ್ಟಿಲು ಹೇಳಿದೆ, ಲೋಟ ಹೇಳಿದೆ, ಅವರ ಹೆಸರು ಹೇಳಿದೆ. ಹೋದ ಸಲ ಮನೆತನದ ಪ್ರಶ್ನೆ ಕೇಳಿದ್ದವರಿಗೆ ನಾನು ಕೊಟ್ಟ ಉತ್ತರ ಸರಿಯಲ್ಲ ಎಂದೂ ಹೇಳಿದೆ. ಅವರು ಅಂದು ಬಂದಿರಲಿಲ್ಲ. ಕೋಣೆ ಗಡುಸಾಯಿತು. ಹಾಡು ಕೇಳಲು ಬಂದವರಿಗೆ ಇದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಹಾಡಿದೆ. ಎಳೆಯಬಾರದ ಕಡೆ ಎಳೆಯದೆ ನಿಲ್ಲಿಸಿದೆ. ಡಕ್ಕಿ ಇರಲಿಲ್ಲವಾದ್ದರಿಂದ ಅಲ್ಲಿ ಬರೀ ಮೌನ, ಕೆಳಗಿನ ಬಾರಿನಲ್ಲಿ ಯಾರದೋ ನಗು. ಚಪ್ಪಾಳೆ ಹೋದ ಸಲದ ಅರ್ಧ ಬಂತು. ಆಮೇಲೆ ಅಂಚೆಯವರ ಸರದಿ. ಎದ್ದು ನಿಂತು, ತಿಮಿಂಗಿಲದ ಹಾಡು ಶುರುಮಾಡಿ, ಮೂರನೇ ನುಡಿಯಲ್ಲಿ ಮರೆತರು. ಈ ಸಲ ಸಾಲು ಎತ್ತಿಕೊಟ್ಟವನು ನಾನು.