ಇಂದಿನ ಧಮ್ಮ ಚಿಂತನೆ: ಸ್ಟಿಕ್ಕರ್ ಹೋಯಿತು, ಅಂಟು ಉಳಿಯಿತು

ನಮ್ಮಪ್ಪನ ಹಳೆಯ ಅಂಬಾಸಿಡರ್ ಕಾರು ಯಳಂದೂರಿನ ನಮ್ಮ ಮನೆ ಪಕ್ಕದಲ್ಲಿ ವರ್ಷಗಟ್ಟಲೆ ನಿಂತಿತ್ತು. ಅಪ್ಪ ಹೋದ ಮೇಲೆ ಅದನ್ನು ಓಡಿಸಿದವರಿಲ್ಲ. ಈ ಬೇಸಿಗೆಯಲ್ಲಿ ಸರಿಮಾಡಿಸೋಣ ಎಂದು ಕೊಳ್ಳೇಗಾಲದ ಒಂದು ಟಿಂಕರಿಂಗ್ ಶೆಡ್ಡಿಗೆ ಎಳೆಸಿಕೊಂಡು ಹೋದೆ. ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತುಹೋಗಿದೆ. ಹೊಸ ಭಾಗ ತಂದು ಹಾಕುವುದು ಸುಲಭವಲ್ಲ, ಇರುವುದನ್ನೇ ಉಳಿಸಿಕೊಳ್ಳಬೇಕು. ಇಂಜಿನ್ ಕೆಲಸ ಆಯಿತು, ತುಕ್ಕು ಹಿಡಿದ ಕಡೆ ತಗಡು ಬೆಸುಗೆಯೂ ಆಯಿತು. ಸತಾಯಿಸಿದ್ದು ಒಂದೇ: ಡಿಕ್ಕಿಯ ಮೇಲಿದ್ದ ಹಳೆಯ ಅಂಟು.

ಆ ಅಂಟಿನ ಕತೆ ಹೇಳಬೇಕು.

ಅಪ್ಪ ಕೊಳ್ಳೇಗಾಲದಿಂದ ಹನೂರಿನ ಮೇಲೆ ಮಾದೇಶ್ವರ ಬೆಟ್ಟಕ್ಕೆ ಬಾಡಿಗೆ ಹೊಡೆಯುತ್ತಿದ್ದರು. ಅಮಾವಾಸ್ಯೆ ಬಂದರೆ ಬಿಡುವೇ ಇರುತ್ತಿರಲಿಲ್ಲ. ಗಾಡಿ ಹತ್ತಿದವರು ಹನೂರು ದಾಟುವುದರೊಳಗೆ ಕೇಳುತ್ತಿದ್ದ ಮಾತು ಒಂದೇ: "ಯಾವೂರು? ಯಾರ ಪೈಕಿ?" ಮೊದಲನೆಯದಕ್ಕೆ ಅಪ್ಪ ಊರಿನ ಹೆಸರು ಹೇಳುತ್ತಿದ್ದರು. ಎರಡನೆಯದಕ್ಕೆ "ನಾವು ಮಾದಪ್ಪನ ಒಕ್ಕಲು" ಎನ್ನುತ್ತಿದ್ದರು. ಡಿಕ್ಕಿಯ ಮೇಲೆ ಹುಲಿ ಏರಿದ ಮಾದಪ್ಪನ ದೊಡ್ಡ ಸ್ಟಿಕ್ಕರ್ ಅಂಟಿಸಿದ್ದರು. ಭಕ್ತಿಯೂ ಇತ್ತು. ಆದರೆ ಅದನ್ನು ಕಂಡವರು ಹೆಚ್ಚು ಕೆದಕುತ್ತಿರಲಿಲ್ಲ ಎಂಬುದೂ ಅಪ್ಪನಿಗೆ ಗೊತ್ತಿತ್ತು.

2006ರಲ್ಲಿ, ನಾಗಪುರದ ದೀಕ್ಷೆಗೆ 50 ವರ್ಷ ತುಂಬಿದಾಗ, ನಾನು ಧಮ್ಮ ದೀಕ್ಷೆ ತೆಗೆದುಕೊಂಡೆ. ಮನೆಗೆ ಬಂದವನೇ ಮೊದಲು ಮಾಡಿದ ಕೆಲಸ ಆ ಸ್ಟಿಕ್ಕರ್ ಕಿತ್ತದ್ದು. ಅವ್ವ ಬಾಗಿಲಲ್ಲಿ ನಿಂತು ಹೇಳಿದಳು: "ನಿಮ್ಮಪ್ಪ ಅಂಟಿಸಿದ್ದು ಕಣ್ ಮಗ. ತೆಗಿಯೋದಾದ್ರೆ ಮೆಲ್ಲಗೆ ತೆಗಿ." ಬೇಡ ಎನ್ನಲಿಲ್ಲ, ಮೆಲ್ಲಗೆ ಎಂದಳು. ನಾನು ಕೇಳಲಿಲ್ಲ. ಮೇಲಿನ ಹಾಳೆ ಕಿತ್ತು ಬಂತು, ಅಂಟು ಅಲ್ಲೇ ಉಳಿಯಿತು. ಬ್ಲೇಡ್ ತಂದು ಕೆರೆದೆ. ಅಂಟು ಹೋಗಲಿಲ್ಲ, ಪೇಂಟ್ ಹೋಗಿ ತಗಡಿನವರೆಗೆ ಗೀರು ಬಿತ್ತು. ಸಂಜೆ ಅಪ್ಪ ನೋಡಿದರು. ಏನೂ ಅನ್ನದೆ ಒಂದು ಬಟ್ಟೆ ತಂದು ಒರೆಸಿದರು. ಮುಂದೆ ಆ ಅಂಟಿನ ಮೇಲೆ ದೂಳು ಕೂತು ಕೂತು, ಹುಲಿಯ ಆಕಾರ ಮೊದಲಿಗಿಂತ ಚೆನ್ನಾಗಿ ಕಾಣತೊಡಗಿತು.

ಈಗ ಶೆಡ್ಡಿನ ಹುಡುಗ ಆ ಅಂಟನ್ನು ತೆಗೆಯಲು ಕೂತ. ಹೇರ್ ಡ್ರೈಯರ್‌ನಿಂದ ಬಿಸಿಮಾಡಿದ. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನು ಅಂಟಿನ ಮೇಲೆ ಹರಡಿ ಕಾಲು ಗಂಟೆ ಬಿಟ್ಟ. ಆಮೇಲೆ ಪ್ಲಾಸ್ಟಿಕ್ ಸ್ಕೇಲಿನ ಅಂಚಿನಿಂದ ಒಂದೊಂದೇ ಎಳೆ ತಳ್ಳುತ್ತಾ ಬಂದ. ನನಗೆ ತಾಳ್ಮೆ ಇಲ್ಲ. "ತಿನ್ನರ್ ಹಾಕಪ್ಪ, ಬೇಗ ಹೋಗ್ತದೆ" ಎಂದೆ.

"ಬ್ಯಾಡಿ ಅಣ್ಣ, ಇದು ಹಳೇ ಎನ್.ಸಿ. ಪೇಂಟು. ತಿನ್ನರ್ ಹಾಕುದ್ರ ಅಂಟಿಗಿಂತ ಮೊದ್ಲು ಪೇಂಟೇ ಕರಗೋಯ್ತದೆ" ಎಂದ. ನನಗೆ ಟೀ ತರಿಸಿ ಕೊಟ್ಟ. ಸುಮ್ಮನೆ ಕೂತಿರಲಾರದೆ ಮಾತಿಗೆ ಎಳೆದೆ.

"ಯಾವೂರಪ್ಪ?"

"ಹನೂರು ಕಡೆ ಅಣ್ಣ."

"ಯಾರ ಪೈಕಿ?"

ಮಾತು ಬಾಯಿಂದ ಬಿದ್ದ ಮೇಲೆ ನನಗೇ ಕೇಳಿಸಿತು. ಹುಡುಗನ ಕೈ ನಿಂತಿತು. ನನ್ನ ಅಂಗಿಯ ಮೇಲಿದ್ದ ಪಂಚಶೀಲ ಧ್ವಜದ ಬ್ಯಾಡ್ಜ್ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ, "ಎಡಗೈಯವ್ರು ಅಣ್ಣ" ಎಂದ. ನಾವು ಬಲಗೈಯವರು. ಕೈಯಲ್ಲಿ ಅವನು ಕೊಟ್ಟ ಲೋಟ ಇತ್ತು. ಕುಡಿದೆ. ಆದರೆ ಕುಡಿಯುವ ಮುಂಚೆ ಒಂದು ಕ್ಷಣ ಕೈ ತಡೆಯಿತು. ಅವನು ಅದನ್ನು ಗಮನಿಸಿದನೋ ಇಲ್ಲವೋ ತಿಳಿಯದು. ನಾನು ಗಮನಿಸಿದೆ.

ಬಂಧುಗಳೇ, ದೀಕ್ಷೆ ತೆಗೆದುಕೊಂಡು ಇಷ್ಟು ವರ್ಷವಾಗಿದೆ. ಮನೆಯಲ್ಲಿ ದೇವರ ಪಟವಿಲ್ಲ. ಮಕ್ಕಳ ಮದುವೆಗೆ ಮುಹೂರ್ತ ಕೇಳಿಲ್ಲ. ಸ್ಟಿಕ್ಕರ್ ಪೂರ್ತಿ ಹೋಗಿದೆ. ಆದರೂ ನಮ್ಮಪ್ಪ ಯಾವ ಪ್ರಶ್ನೆಗೆ ಹೆದರಿ ಮಾದಪ್ಪನ ಮರೆ ಹಿಡಿದರೋ, ಅದೇ ಪ್ರಶ್ನೆಯನ್ನು ನಾನು ಇನ್ನೊಬ್ಬರ ಮಗನಿಗೆ ಕೇಳಿದೆ. ಬಾಬಾಸಾಹೇಬರು ಜಾತಿಯನ್ನು ಶ್ರೇಣೀಕೃತ ಅಸಮಾನತೆ ಎಂದು ಕರೆದದ್ದು ಇದಕ್ಕೇ. ಪ್ರತಿಯೊಬ್ಬರಿಗೂ ತನಗಿಂತ ಕೆಳಗೆ ಒಬ್ಬರು ಸಿಗುತ್ತಾರೆ. ಆ ಸಣ್ಣ ಸಮಾಧಾನವೇ ಅಂಟು.

ಇಲ್ಲಿ ಸಂಯುತ್ತ ನಿಕಾಯದ ಖೇಮಕ ಸುತ್ತವನ್ನು ನೆನೆಯಬೇಕು. ಕೋಸಂಬಿಯ ಬಳಿ ಖೇಮಕ ಎಂಬ ಭಿಕ್ಷು ಕಾಯಿಲೆ ಬಿದ್ದಿದ್ದರು. ಘೋಸಿತಾರಾಮದ ಹಿರಿಯ ಭಿಕ್ಷುಗಳು ದಾಸಕ ಎಂಬವರ ಮೂಲಕ ಕೇಳಿಸಿದರು: ಪಂಚಸ್ಕಂಧಗಳಲ್ಲಿ ಯಾವುದನ್ನಾದರೂ ನೀವು ಆತ್ಮ ಎಂದು ಕಾಣುತ್ತೀರಾ? ಇಲ್ಲ ಎಂದರು ಖೇಮಕ. ಹಾಗಾದರೆ ನೀವು ಅರಹಂತರು ಎಂದರು ಹಿರಿಯರು. ಅಲ್ಲ ಎಂದರು ಖೇಮಕ. "ನಾನು" ಎಂಬ ಭಾವ ಇನ್ನೂ ಹೋಗಿಲ್ಲ ಎಂದು ಒಪ್ಪಿಕೊಂಡರು. ಆ ಮಾತನ್ನು ಬಿಡಿಸಿ ಹೇಳಲು ಕಾಯಿಲೆಯಲ್ಲೇ ಕೋಲು ಊರಿಕೊಂಡು ನಡೆದು ಬಂದರು.

ಅವರು ಕೊಟ್ಟ ಹೋಲಿಕೆ ಹೀಗಿದೆ. ಕೊಳೆಯಾದ ಬಟ್ಟೆಯನ್ನು ಅಗಸನಿಗೆ ಕೊಡುತ್ತಾರೆ. ಅವನು ಚೌಳುಮಣ್ಣು, ಕ್ಷಾರ, ಸಗಣಿ ಹಾಕಿ ಉಜ್ಜಿ ತಿಳಿನೀರಿನಲ್ಲಿ ಜಾಲಿಸುತ್ತಾನೆ. ಬಟ್ಟೆ ಶುದ್ಧವಾಯಿತು. ಆದರೂ ಒಂದು ವಾಸನೆ ಉಳಿದಿದೆ. ಪರಿಮಳದ ಪೆಟ್ಟಿಗೆಯಲ್ಲಿ ಇಟ್ಟಾಗ ಅದೂ ಹೋಗುತ್ತದೆ. ಗಮನಿಸಿ: ಉಳಿದದ್ದು ಕೊಳೆಯ ವಾಸನೆಯಲ್ಲ. ತೊಳೆಯಲು ಬಳಸಿದ ಚೌಳು, ಕ್ಷಾರ, ಸಗಣಿಯ ವಾಸನೆ.

ಇದನ್ನು ಅನೇಕ ಸಲ ಓದಿದ್ದೆ. ಅರ್ಥವಾದದ್ದು ಆ ಶೆಡ್ಡಿನಲ್ಲಿ. ಅಂಟು ಪೂರ್ತಿ ಹೋದ ಮೇಲೂ ಹುಡುಗ ಕೆಲಸ ನಿಲ್ಲಿಸಲಿಲ್ಲ. ಸೋಪಿನ ನೀರಿನಲ್ಲಿ ಎರಡು ಸಲ ತೊಳೆದ. ಯಾಕೆ ಎಂದೆ. "ಸೀಮೆಎಣ್ಣೆ ಜಿಡ್ಡು ಇದ್ರ ಮೇಲ ಪೇಂಟ್ ಹಿಡಿಯಲ್ಲ ಅಣ್ಣ, ಗುಳ್ಳೆ ಗುಳ್ಳೆ ಆಯ್ತದ" ಎಂದ.

ನನ್ನೊಳಗೆ ಅಂಟಿನ ಜೊತೆಗೆ ಸೀಮೆಎಣ್ಣೆ ಜಿಡ್ಡೂ ಇತ್ತು. ಅದು ಬಿಟ್ಟುಬಂದವನ ಗರ್ವ. ನಾನು ಬೌದ್ಧ, ನೀನಿನ್ನೂ ಬೆಟ್ಟಕ್ಕೆ ಹೋಗುವವಳು ಎಂದು ಎಷ್ಟು ಅಮಾವಾಸ್ಯೆ ಅವ್ವನನ್ನು ಹಂಗಿಸಿದ್ದೇನೆ. ಧಮ್ಮ ಏನೆಂದು ಅವಳಿಗೆ ಒಂದು ದಿನವೂ ಕೂತು ಹೇಳಲಿಲ್ಲ. ಅವಳು ಕಂಡದ್ದು ನನ್ನ ಸಿಟ್ಟನ್ನು ಮಾತ್ರ. ಆ ಜಿಡ್ಡಿನ ಮೇಲೆ ಮೈತ್ರಿ ಹೇಗೆ ಹಿಡಿದೀತು?

ಸಿಟ್ಟೇ ಬೇಡವೇ ಎಂದು ನೀವು ಕೇಳಬಹುದು. ಸುಮ್ಮನಿದ್ದಿದ್ದರೆ 1927ರಲ್ಲಿ ಮಹಾಡಿನ ಚವದಾರ್ ಕೆರೆಯ ನೀರು ನಮಗೆ ಸಿಗುತ್ತಿತ್ತೇ? ನ್ಯಾಯವಾದ ಪ್ರಶ್ನೆ. ಬರೀ ನೀರಿಗೆ ಹಳೆಯ ಅಂಟು ಬಿಡುವುದಿಲ್ಲ, ಸೀಮೆಎಣ್ಣೆ ಬೇಕೇ ಬೇಕು. ಅದಕ್ಕೇ ಬಾಬಾಸಾಹೇಬರ 22 ಪ್ರತಿಜ್ಞೆಗಳು "ಇದನ್ನು ಪೂಜಿಸುವುದಿಲ್ಲ, ಇದನ್ನು ನಂಬುವುದಿಲ್ಲ" ಎಂಬ ನಿರಾಕರಣೆಯಿಂದ ಶುರುವಾಗುತ್ತವೆ. ಆದರೆ ಅಲ್ಲಿಗೇ ಮುಗಿಯುವುದಿಲ್ಲ. ಮುಂದೆ ಸಮಾನತೆ ಬರುತ್ತದೆ, ಅಷ್ಟಾಂಗ ಮಾರ್ಗ ಬರುತ್ತದೆ, ಪಾರಮಿತೆಗಳು ಬರುತ್ತವೆ, ಎಲ್ಲ ಜೀವಿಗಳ ಮೇಲೆ ಕರುಣೆ ಬರುತ್ತದೆ. ನಾನು ಮೊದಲಿನವನ್ನು ಬಾಯಿಪಾಠ ಮಾಡಿ ಅಲ್ಲೇ ನಿಂತವನು.

ಮರುದಿನ ಶೆಡ್ಡಿಗೆ ಹೋಗಿ ಹುಡುಗನಿಗೆ ಹೇಳಿದೆ: "ನಿನ್ನೆ ಕೇಳಬಾರದ್ದು ಕೇಳಿದೆ. ತಪ್ಪಾಯ್ತಪ್ಪ." ಅವನು ನಕ್ಕು, "ಬುಡಿ ಅಣ್ಣ, ಎಲ್ರೂ ಕೇಳ್ತಾರೆ" ಎಂದ. ಆ "ಎಲ್ರೂ" ಎಂಬುದರೊಳಗೆ ನಾನೂ ಇದ್ದೆ. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಸಂಜೆ ಅವ್ವನ ಹತ್ತಿರ ಕೂತು ಖೇಮಕರ ಬಟ್ಟೆಯ ಕತೆ ಹೇಳಿದೆ. ಪೂರ್ತಿ ಕೇಳಿದಳು. "ಒಳ್ಳೆ ಕತೆ ಕಣ್ ಮಗ. ಇಷ್ಟು ದಿನ ಯಾಕ ಹೇಳ್ಲಿಲ್ಲ?" ಎಂದಳು. ನನ್ನಲ್ಲಿ ಉತ್ತರ ಇರಲಿಲ್ಲ.

ಖೇಮಕರು ಅರಹಂತನೆಂಬ ಮಾತನ್ನು ಒಪ್ಪದೆ, ತನ್ನಲ್ಲಿ ಉಳಿದದ್ದನ್ನು ಎಲ್ಲರೆದುರು ಹೇಳಿದರು. ಆ ಮಾತುಕತೆ ಮುಗಿಯುವಷ್ಟರಲ್ಲಿ ಸುಮಾರು ಅರವತ್ತು ಭಿಕ್ಷುಗಳ ಜೊತೆ ಅವರೂ ವಿಮುಕ್ತರಾದರು ಎನ್ನುತ್ತದೆ ಸುತ್ತ. ಉಳಿದಿದೆ ಎಂದು ಹೇಳಿಕೊಳ್ಳುವುದು ಸೋಲಲ್ಲ.

ಇಂದಿನ ಅಭ್ಯಾಸ: ಹೊಸಬರು ಸಿಕ್ಕಾಗ "ಯಾರ ಪೈಕಿ" ಎಂಬ ಪ್ರಶ್ನೆ ನಾಲಿಗೆಗೆ ಬಂದರೆ ಗಮನಿಸೋಣ, ಕೇಳದೆ ಇರೋಣ. ಮನೆಯಲ್ಲಿ ಇನ್ನೂ ದೀಕ್ಷೆ ತೆಗೆದುಕೊಳ್ಳದ ಹಿರಿಯರಿದ್ದರೆ, ಹಂಗಿಸದೆ ಹತ್ತು ನಿಮಿಷ ಧಮ್ಮದ ಮಾತಾಡೋಣ. ತೆಗೆಯಬೇಕಾದ್ದನ್ನು ತೆಗೆಯಲೇಬೇಕು. ಅವ್ವ ಹೇಳಿದಂತೆ, ಮೆಲ್ಲಗೆ.

ನಮೋ ಬುದ್ಧಾಯ. ಜೈ ಭೀಮ್.