ಸಂಕಟವೆಲ್ಲ ಧರ್ಮಸಂಕಟವಲ್ಲ

ಕಂಪನಿಯೊಂದರ ಲೆಕ್ಕಪತ್ರದ ಮೋಸ ಸಿಕ್ಕಿಬಿದ್ದಾಗ ಟಿವಿ ಚರ್ಚೆಗೆ ಬಂದು ಕೂರುವ ನಿವೃತ್ತ ಅಧಿಕಾರಿಗಳ ಬಾಯಲ್ಲಿ ತಪ್ಪದೆ ಬರುವ ಮಾತೊಂದಿದೆ: ‘ಅವರ ಜಾಗದಲ್ಲಿ ನಿಂತು ನೋಡಿ, ಅದೊಂದು ಧರ್ಮಸಂಕಟ.’ ಮ್ಯಾನೇಜ್‌ಮೆಂಟ್ ತರಬೇತಿಗಳಲ್ಲಿ ಇದೇ ಸರಕು ‘ಎಥಿಕಲ್ ಡೈಲೆಮಾ’ ಎಂಬ ಹೆಸರು ಹೊತ್ತು ಸ್ಲೈಡಿನ ಮೇಲೆ ಬರುತ್ತದೆ. ಸರಬರಾಜುದಾರ ದೀಪಾವಳಿಗೆ ಚಿನ್ನದ ನಾಣ್ಯ ಕಳಿಸಿದ್ದಾನೆ, ಅವನ ಟೆಂಡರ್ ಮುಂದಿನ ವಾರ ತೆರೆಯಲಿದೆ, ನೀವೇನು ಮಾಡುವಿರಿ? ಗುಂಪುಗಳಾಗಿ ಕೂತು ಚರ್ಚಿಸಿ. ನಾಣ್ಯ ವಾಪಸು ಕಳಿಸಬೇಕು ಎಂದು ತಿಳಿಯುವುದಕ್ಕೆ ಗುಂಪು ಯಾಕೆ, ಚರ್ಚೆ ಯಾಕೆ ಎಂದು ಯಾರೂ ಕೇಳುವುದಿಲ್ಲ. ‘ಇಂಥದ್ದಕ್ಕೆಲ್ಲ ಒಂದೇ ಸರಿಯುತ್ತರ ಅಂತ ಇರೋದಿಲ್ಲ’ ಎಂಬ ನೆಮ್ಮದಿಯೊಂದಿಗೆ ಎಲ್ಲರೂ ಊಟಕ್ಕೆ ಏಳುತ್ತಾರೆ.

ನನ್ನ ತಕರಾರು ಈ ನೆಮ್ಮದಿಯ ಮೇಲೆ. ಧರ್ಮಸಂಕಟವೆಂಬುದು ನಿಜಕ್ಕೂ ಇದೆ, ಅದು ಮನುಷ್ಯರನ್ನು ನಿಜಕ್ಕೂ ಹಿಂಡುತ್ತದೆ. ಆದ್ದರಿಂದಲೇ ಅದನ್ನು ಕಂಡಕಂಡವರಿಗೆ ಹಂಚಬಾರದು.

ಬೆಂಗಳೂರಿನ ಯಾವುದೋ ಸಾಫ್ಟ್‌ವೇರ್ ಕಂಪನಿಯ ಎಚ್‌ಆರ್ ವಿಭಾಗದಲ್ಲಿರುವ ಒಬ್ಬಾಕೆಯನ್ನು ಊಹಿಸಿಕೊಳ್ಳಿ. ಮುಂದಿನ ತಿಂಗಳು ಕೆಲಸ ಕಳೆದುಕೊಳ್ಳಲಿರುವವರ ಪಟ್ಟಿ ಆಕೆಯ ಬಳಿ ಇದೆ. ಪಟ್ಟಿಯಲ್ಲಿ ಗೆಳತಿಯ ಹೆಸರಿದೆ. ಆ ಗೆಳತಿ ಕ್ಯಾಂಟೀನಿನಲ್ಲಿ ಎದುರು ಕೂತು, ನಾಳೆ ಫ್ಲ್ಯಾಟಿಗೆ ಅಡ್ವಾನ್ಸ್ ಕೊಡ್ತಿದೀನಿ ಕಣೇ, ಗೃಹಸಾಲ ಮಂಜೂರಾಯ್ತು ಎನ್ನುತ್ತಾಳೆ. ಪಟ್ಟಿಯ ಗುಟ್ಟು ಕಾಯುತ್ತೇನೆಂದು ಈಕೆ ಮಾತು ಕೊಟ್ಟಿದ್ದಾಳೆ. ಅದು ಹೊರಗೆ ಹೋದರೆ ಪಟ್ಟಿಯಲ್ಲಿ ಇಲ್ಲದವರೂ ಬೀದಿಗೆ ಬೀಳಬಹುದು. ಸುಮ್ಮನಿದ್ದರೆ ಕಣ್ಣೆದುರೇ ಗೆಳತಿ ಇಪ್ಪತ್ತು ವರ್ಷದ ಸಾಲಕ್ಕೆ ಕೊರಳೊಡ್ಡುತ್ತಾಳೆ. ಎರಡೂ ನಿಜವಾದ ಕರ್ತವ್ಯಗಳು, ಎರಡೂ ಈಗಲೇ ಸಲ್ಲಬೇಕಾದವು, ಒಂದನ್ನು ಸಲ್ಲಿಸಿದರೆ ಇನ್ನೊಂದು ತಪ್ಪುತ್ತದೆ. ಇದು ಧರ್ಮಸಂಕಟ. ಇಂಗ್ಲೆಂಡಿನ ತತ್ತ್ವಜ್ಞ ಬರ್ನಾರ್ಡ್ ವಿಲಿಯಮ್ಸ್ 1965ರ ಒಂದು ಪ್ರಬಂಧದಲ್ಲಿ ಇದರ ಗುರುತು ಹೇಳಿದ್ದಾನೆ: ಇಂಥ ಸಂದರ್ಭದಲ್ಲಿ ಸರಿಯಾದದ್ದನ್ನೇ ಆರಿಸಿಕೊಂಡವನಿಗೂ ಬಿಟ್ಟ ಕರ್ತವ್ಯದ ಬಾಕಿ ಉಳಿಯುತ್ತದೆ, ಅದರ ವ್ಯಥೆ ತಪ್ಪುವುದಿಲ್ಲ. ಆಕೆ ಏನು ಮಾಡಿದರೂ ಯಾರಿಗಾದರೂ ಏನನ್ನಾದರೂ ಬಾಕಿ ಉಳಿಸಿಕೊಂಡೇ ಮನೆಗೆ ಹೋಗುತ್ತಾಳೆ.

ಈಗ ಚಿನ್ನದ ನಾಣ್ಯಕ್ಕೆ ಬನ್ನಿ. ಅಲ್ಲಿರುವುದು ಒಂದೇ ಕರ್ತವ್ಯ. ಎದುರಿಗೆ ನಿಂತದ್ದು ಆಸೆ. ಪ್ರಲೋಭನೆ ಎನ್ನುವುದಕ್ಕೆ ನಾಚಿಕೆಯಾಗಿ ಅದನ್ನು ಸಂಕಟವೆನ್ನುತ್ತೇವೆ. ಅಧಿಕಾರ ದೊಡ್ಡದಾದಷ್ಟೂ ಆಸೆ ತೊಡುವ ವೇಷವೂ ದೊಡ್ಡದು. ಷೇರುದಾರರ ಹಿತ, ಸಾವಿರಾರು ನೌಕರರ ಕುಟುಂಬ, ದೇಶದ ಹೆಸರು ಎಲ್ಲವೂ ವೇಷದ ಪೆಟ್ಟಿಗೆಯಲ್ಲಿರುತ್ತವೆ. ವೇಷ ಕಳಚಿ ನೋಡಲು ಒಂದು ಒರಟು ಪರೀಕ್ಷೆ ಸಾಕು. ಈ ನಿರ್ಧಾರದಿಂದ ನನಗಾಗುವ ಲಾಭನಷ್ಟವನ್ನೆಲ್ಲ ಲೆಕ್ಕದಿಂದ ತೆಗೆದುಹಾಕಿದರೆ ಪ್ರಶ್ನೆ ಉಳಿಯುತ್ತದೆಯೇ? ಎಚ್‌ಆರ್ ಹೆಣ್ಣುಮಗಳ ಪ್ರಶ್ನೆ ಹಾಗೇ ಉಳಿಯುತ್ತದೆ. ನಾಣ್ಯದ ಪ್ರಶ್ನೆ ಗಾಳಿಗೆ ಹೋಗುತ್ತದೆ.

ಈ ಪರೀಕ್ಷೆಯನ್ನು ಎಲ್ಲರ ಮೇಲೂ ಒಂದೇ ತೂಕದಲ್ಲಿ ಹೇರಿದರೆ ಅನ್ಯಾಯವಾಗುತ್ತದೆ. ಸುಳ್ಳು ಬಿಲ್ಲೊಂದರ ಮೇಲೆ ಇಬ್ಬರ ರುಜು ಬೇಕಿದೆ ಎನ್ನೋಣ: ಹಣಕಾಸು ವಿಭಾಗದ ಮುಖ್ಯಸ್ಥನದು, ಗುತ್ತಿಗೆಯ ಮೇಲಿರುವ ಗುಮಾಸ್ತನದು. ಮುಖ್ಯಸ್ಥ ಒಲ್ಲೆನೆಂದರೆ ಬೋನಸ್ ಹೋಗುತ್ತದೆ, ಹೆಚ್ಚೆಂದರೆ ಬೇರೆ ಕಂಪನಿ ಹುಡುಕಿಕೊಳ್ಳಬೇಕಾಗುತ್ತದೆ. ಗುಮಾಸ್ತ ಒಲ್ಲೆನೆಂದರೆ ತಾಯಿಯ ಡಯಾಲಿಸಿಸ್ ನಿಲ್ಲುತ್ತದೆ, ಮಗಳ ಕಾಲೇಜು ಫೀಸು ನಿಲ್ಲುತ್ತದೆ. ಅವನ ಸ್ವಂತ ನಷ್ಟ ಎನ್ನುವುದರೊಳಗೆ ಬೇರೆಯವರ ಹಕ್ಕು ಅಡಗಿದೆ. ತಾಯಿಯನ್ನು ನೋಡಿಕೊಳ್ಳುವುದು ಆಸೆಯ ಪಟ್ಟಿಗೆ ಸೇರುವಂಥದ್ದಲ್ಲ. ಹೀಗೆ ಒಂದೇ ಕಾಗದದ ಮೇಲಿನ ಎರಡು ರುಜುಗಳಲ್ಲಿ ಒಂದು ಪ್ರಲೋಭನೆಗೆ ಬಿದ್ದದ್ದು, ಇನ್ನೊಂದು ಧರ್ಮಸಂಕಟದಲ್ಲಿ ಬಿದ್ದದ್ದು. ಗುಮಾಸ್ತ ಮಾಡಿದ್ದು ಸರಿಯೆಂದು ನಾನು ಹೇಳುತ್ತಿಲ್ಲ. ಅವನಿಗೆ ಸಂಕಟವೆಂಬ ಮಾತನ್ನು ಬಳಸುವ ಹಕ್ಕಿದೆ, ಅವನ ಸಾಹೇಬನಿಗಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಪಠ್ಯಪುಸ್ತಕಗಳು ಇಬ್ಬರನ್ನೂ ‘ಉದ್ಯೋಗಿ’ ಎಂಬ ಒಂದೇ ಪದದಲ್ಲಿ ಮುಗಿಸುತ್ತವೆ. ನಾನು ಗುಮಾಸ್ತನ ಪಕ್ಷಪಾತಿ, ಅದನ್ನು ಮುಚ್ಚಿಡುವುದಿಲ್ಲ.

ಈ ವಿಷಯಕ್ಕೆ ಮಹಾಭಾರತದ ಸಭಾಪರ್ವಕ್ಕಿಂತ ಒಳ್ಳೆಯ ಕೇಸ್ ಸ್ಟಡಿ ನನಗೆ ಗೊತ್ತಿಲ್ಲ. ದ್ರೌಪದಿ ಕೇಳಿದ್ದು ಚೊಕ್ಕವಾದ ಪ್ರಶ್ನೆ: ಧರ್ಮರಾಯ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಪಣಕ್ಕಿಡುವ ಅಧಿಕಾರವೆಲ್ಲಿಯದು? ಭೀಷ್ಮ ಉತ್ತರಿಸುವುದು ಧರ್ಮ ಸೂಕ್ಷ್ಮವಾದದ್ದೆಂದು. ಒಡೆತನವಿಲ್ಲದವನು ಪಣವಿಡಲಾರ, ಆದರೆ ಹೆಂಡತಿ ಗಂಡನ ವಶದಲ್ಲಿರುವವಳು, ಆದ್ದರಿಂದ ನಿರ್ಣಯ ಹೇಳಲಾರೆ ಎನ್ನುತ್ತಾನೆ. ಅಂದಿನ ಶಾಸ್ತ್ರದ ಕಣ್ಣಿನಲ್ಲಿ ಅದು ನಿಜವಾದ ಕಗ್ಗಂಟೇ ಇದ್ದಿರಬಹುದು, ಅಷ್ಟನ್ನು ಒಪ್ಪೋಣ. ಆದರೆ ಸಭೆಯ ಮುಂದೆ ಆ ಹೊತ್ತಿಗೆ ಇದ್ದದ್ದು ಎರಡು ಪ್ರಶ್ನೆ. ಆಕೆ ಯಾರ ಸ್ವತ್ತು ಎನ್ನುವುದು ಒಂದು, ಆಕೆಯ ಮುಡಿ ಹಿಡಿದೆಳೆಯುತ್ತಿರುವ ಕೈಯನ್ನು ತಡೆಯಬೇಕೇ ಎನ್ನುವುದು ಇನ್ನೊಂದು. ಮೊದಲನೆಯದು ಎಷ್ಟೇ ಸೂಕ್ಷ್ಮವಿರಲಿ, ಎರಡನೆಯದರಲ್ಲಿ ಸೂಕ್ಷ್ಮವೇನೂ ಇರಲಿಲ್ಲ. ಪಿತಾಮಹ ಕಷ್ಟದ ಪ್ರಶ್ನೆಯನ್ನು ಸುಲಭದ ಪ್ರಶ್ನೆಗೆ ಅಡ್ಡ ಇಟ್ಟ.

ಕಚೇರಿಗಳಲ್ಲಿ ನಡೆಯುವ ಬಹುಪಾಲು ನೈತಿಕ ಚರ್ಚೆ ಇದೇ ಜಾಡಿನದು. ಯಾವ ಆದಾಯವನ್ನು ಯಾವ ತ್ರೈಮಾಸಿಕದಲ್ಲಿ ತೋರಿಸಬೇಕೆಂಬುದು ಲೆಕ್ಕಶಾಸ್ತ್ರದಲ್ಲಿ ನಿಜಕ್ಕೂ ಜಟಿಲವಾದ ವಿಷಯ. ಏಪ್ರಿಲ್‌ನಲ್ಲಿ ಬರೆದ ಇನ್‌ವಾಯ್ಸಿಗೆ ಮಾರ್ಚ್ ತಾರೀಖು ಹಾಕಬಹುದೇ ಎಂಬುದರಲ್ಲಿ ಜಟಿಲತೆ ಏನೂ ಇಲ್ಲ. ಮೀಟಿಂಗಿನಲ್ಲಿ ಎರಡು ಗಂಟೆ ಚರ್ಚೆಯಾಗುವುದು ಮೊದಲನೆಯದು, ಆಮೇಲೆ ಸದ್ದಿಲ್ಲದೆ ಆಗಿಹೋಗುವುದು ಎರಡನೆಯದು.

ಅದೇ ಸಭೆಯಲ್ಲಿ ವಿಕರ್ಣನಿದ್ದ. ಧೃತರಾಷ್ಟ್ರನ ಮಗ, ದುರ್ಯೋಧನನ ತಮ್ಮ, ಇಂದಿನ ಲೆಕ್ಕದಲ್ಲಿ ಜೂನಿಯರ್. ಎದ್ದು ನಿಂತು ಇದು ತಪ್ಪು ಎಂದ, ಕಾರಣಗಳನ್ನೂ ಕೊಟ್ಟ. ಕರ್ಣ ಅವನಿಗೆ ಹೇಳಿದ್ದರ ಸಾರ, ನೀನಿನ್ನೂ ಹುಡುಗ, ಹಿರಿಯರೇ ಸುಮ್ಮನಿದ್ದಾರೆ ಎಂಬುದು. ದನಿಯೆತ್ತಿದ ಕಿರಿಯ ನೌಕರನಿಗೆ ಇಂದಿಗೂ ಸಿಗುವ ಉತ್ತರ ಅಕ್ಷರಶಃ ಇದೇ. ವಿಕರ್ಣನ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಅವನು ಕೌರವರ ಪಾಳಯ ಬಿಡಲಿಲ್ಲ, ಯುದ್ಧದಲ್ಲಿ ಭೀಮನ ಕೈಯಲ್ಲೇ ಸತ್ತ, ಕೊಂದ ಭೀಮ ಮರುಗಿದ. ಇನ್ನು ಭೀಷ್ಮ. ಯುದ್ಧ ಶುರುವಾಗುವ ಮೊದಲು ಆಶೀರ್ವಾದ ಬೇಡಿ ಬಂದ ಧರ್ಮರಾಯನಿಗೆ, ಕೌರವರ ಅರ್ಥಕ್ಕೆ ನಾನು ಕಟ್ಟುಬಿದ್ದವನು ಎಂದು ತಾನೇ ಒಪ್ಪಿಕೊಳ್ಳುತ್ತಾನೆ. ದ್ರೋಣ, ಕೃಪ, ಶಲ್ಯ ಎಲ್ಲರದೂ ಅದೇ ಮಾತು. ಸಭೆಯಲ್ಲಿ ಸೂಕ್ಷ್ಮವಾಗಿದ್ದ ಧರ್ಮ ರಣರಂಗದ ಅಂಚಿನಲ್ಲಿ ಸಂಬಳದ ವಿಷಯವಾಗಿ ಇಳಿಯಿತು. ಭೀಷ್ಮನ ಆ ಪ್ರಾಮಾಣಿಕತೆಯಾದರೂ ಮೆಚ್ಚತಕ್ಕದ್ದು, ಸ್ವಲ್ಪ ತಡವಾಯಿತು ಅಷ್ಟೇ.

ತಾನೇ ತೋಡಿಕೊಂಡ ಗುಂಡಿಯೂ ಒಂದಿದೆ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ಆಡಳಿತ ಮಂಡಳಿಗೆ ಬರೆದ ಪತ್ರ ಪ್ರಸಿದ್ಧವಾದದ್ದು. ಪುಸ್ತಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. ಸಣ್ಣದಾಗಿ ಶುರುವಾದ ಅಂತರ ವರ್ಷದಿಂದ ವರ್ಷಕ್ಕೆ ಬೆಳೆಯಿತು, ಹುಲಿಯ ಬೆನ್ನೇರಿದಂತಾಯಿತು, ಇಳಿದರೆ ಅದು ತಿನ್ನುತ್ತದೆ ಎಂದು ಅವರು ಬರೆದರು. ಓದಿದವರಲ್ಲಿ ಕೆಲವರು ಕರಗಿಯೂ ಹೋದರು. ಆದರೆ ಹುಲಿಯನ್ನು ಮರಿಯಿಂದ ಸಾಕಿದವರು ಯಾರು? ಹದಿಮೂರನೇ ಶತಮಾನದ ಥಾಮಸ್ ಅಕ್ವೈನಾಸ್ ಈ ಭೇದವನ್ನು ಆಗಲೇ ಕಂಡಿದ್ದ: ಮೊದಲು ತಪ್ಪು ಮಾಡಿ ಅದರಿಂದಾಗಿ ದಾರಿ ಕಾಣದೆ ನಿಂತವನ ಇಕ್ಕಟ್ಟು ಬೇರೆ, ತಪ್ಪೇ ಮಾಡದವನ ಇಕ್ಕಟ್ಟು ಬೇರೆ. ಅಂದಹಾಗೆ, ಪತ್ರ ಬರೆಯುವ ಕೆಲವೇ ತಿಂಗಳ ಹಿಂದೆ, 2008ರಲ್ಲಿ, ಸತ್ಯಂಗೆ ಒಳ್ಳೆಯ ಕಾರ್ಪೊರೇಟ್ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಿತ್ತು.

ಮೇಲಿನವರು ತಮ್ಮ ಪ್ರಲೋಭನೆಯನ್ನು ಕೆಳಗಿನವರ ಧರ್ಮಸಂಕಟವಾಗಿ ಮಾರ್ಪಡಿಸಿ ಇಳಿಸುವುದು ಇನ್ನೂ ಕೆಟ್ಟದ್ದು. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನಲ್ಲಿ ಶಾಖೆಯ ಸಿಬ್ಬಂದಿ ಪ್ರತಿ ಗ್ರಾಹಕನಿಗೂ ಎಂಟು ಸೇವೆ ಮಾರಬೇಕೆಂಬ ಗುರಿ ಇತ್ತು. ಗುರಿ ಮುಟ್ಟದವರಿಗೆ ಕೆಲಸವಿಲ್ಲ. ಸಿಬ್ಬಂದಿ ಗ್ರಾಹಕರಿಗೆ ತಿಳಿಯದಂತೆ ಲಕ್ಷಗಟ್ಟಲೆ ಖಾತೆ ತೆರೆದರು. 2016ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಅಷ್ಟರೊಳಗೆ ಸುಮಾರು 5,300 ಮಂದಿಯನ್ನು ನೀತಿ ಮೀರಿದರೆಂದು ಮನೆಗೆ ಕಳಿಸಲಾಗಿತ್ತು, ಬಹುಪಾಲು ಶಾಖೆ ಮಟ್ಟದವರನ್ನು. ಗುರಿ ಕೊಟ್ಟವರು ಯಾವ ನೀತಿ ಮೀರಿದರೆಂದು ಅವರನ್ನು ಕಳಿಸುವಾಗ ಬ್ಯಾಂಕು ಕೇಳಿಕೊಳ್ಳಲಿಲ್ಲ. ನಮ್ಮಲ್ಲೂ ಸಾಲಕ್ಕೆಂದು ಬ್ಯಾಂಕಿಗೆ ಹೋದವರಿಗೆ ಬೇಡದ ವಿಮಾ ಪಾಲಿಸಿ ಅಂಟಿಸುವ ಹುಡುಗರಿದ್ದಾರೆ. ‘ಟಾರ್ಗೆಟ್ ಸಾರ್, ಏನ್ ಮಾಡ್ಲಿ’ ಎನ್ನುವಾಗ ಅವರ ಮುಖ ನೋಡಿದರೆ ಆ ಸಂಕಟವನ್ನು ತಯಾರಿಸಿದ ಕಾರ್ಖಾನೆ ಮುಖ್ಯ ಕಚೇರಿಯಲ್ಲಿದೆ ಎಂದು ತಿಳಿಯುತ್ತದೆ.

ಇಷ್ಟೆಲ್ಲ ನೈತಿಕ ಗೊಣಗಾಟವೇ ವ್ಯರ್ಥವೆಂದವನೊಬ್ಬನಿದ್ದ, ಆಲ್ಬರ್ಟ್ ಕಾರ್. ಅಧ್ಯಕ್ಷ ಟ್ರೂಮನ್‌ಗೆ ಸಲಹೆಗಾರನಾಗಿದ್ದವನು. 1968ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಅವನು ಬರೆದ ಲೇಖನ ಇಂದಿಗೂ ಬಿಸಿನೆಸ್ ಸ್ಕೂಲುಗಳಲ್ಲಿ ಓದಿಗೆ ಬರುತ್ತದೆ. ವ್ಯಾಪಾರ ಪೋಕರ್ ಆಟದಂತೆ ಎಂಬುದು ಅವನ ವಾದ. ಪೋಕರಿನಲ್ಲಿ ಕೈಯಲ್ಲಿರುವ ಎಲೆ ಮರೆಮಾಡಿ ಎದುರಾಳಿಯನ್ನು ನಂಬಿಸುವುದು ಮೋಸವೆನಿಸದು, ಎಲೆಗೆ ಗುರುತು ಹಾಕುವುದು ಮಾತ್ರ ಮೋಸ. ಹಾಗೆಯೇ ಕಾನೂನಿನ ಗೆರೆಯೊಳಗೆ ಆಡುವ ವ್ಯಾಪಾರಿಗೆ ಮನೆಯ ನೀತಿಯನ್ನು ಅನ್ವಯಿಸಬೇಡಿ ಎಂದ. ಕಾರ್ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕು: ಅವನು ನರಳುವ ನಾಟಕವಾಡುವುದಿಲ್ಲ, ಯಾವುದನ್ನೂ ಧರ್ಮಸಂಕಟ ಎನ್ನುವುದಿಲ್ಲ. ಅದರಾಚೆಗೆ ನನಗೆ ಅವನಲ್ಲಿ ಮೆಚ್ಚುವಂಥದ್ದು ಸಿಕ್ಕಿಲ್ಲ. ಪೋಕರ್ ಮೇಜಿಗೆ ಕೂತವರೆಲ್ಲ ನಿಯಮ ತಿಳಿದು, ತಾವಾಗಿ, ಸ್ವಂತ ದುಡ್ಡಿಟ್ಟು ಕೂತವರು. ಕಲಬೆರಕೆ ಹಾಲು ಕುಡಿದ ಮಗು ಯಾವ ಮೇಜಿಗೆ ಕೂತಿತ್ತು? ಪಿಂಚಣಿ ಹಣವನ್ನು ಠೇವಣಿ ಇಟ್ಟ ಮುದುಕರಿಗೆ ಎದುರಿನವನು ಎಲೆ ಮುಚ್ಚಿಕೊಂಡಿದ್ದಾನೆಂದು ಯಾರು ಹೇಳಿದ್ದರು? ಆಟ ಬೇಸರವಾದರೆ ಎದ್ದು ಹೋಗುವ ಸ್ವಾತಂತ್ರ್ಯ ಜೂಜುಕೋರನಿಗಿದೆ, ಗುತ್ತಿಗೆ ನೌಕರನಿಗೆ ಅದೂ ಇಲ್ಲ. ಇನ್ನು ಕಾನೂನಿನ ಗೆರೆ: ಅದನ್ನು ಎಲ್ಲಿ ಎಳೆಯಬೇಕೆಂದು ಸರ್ಕಾರದ ಕಿವಿಯಲ್ಲಿ ಹೇಳುವವರಲ್ಲಿ ಆಟಗಾರರೇ ಮುಂದು.

ಭಯ ಮತ್ತು ಸಂದೇಹಗಳ ನಡುವಿನ ವ್ಯತ್ಯಾಸವೊಂದು ಬಾಕಿಯಿದೆ. ಕೆಜಿಎಫ್‌ನಲ್ಲಿ ಬೆಳೆದು, ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್, ಲಖನೌದ ಐಐಎಂನಲ್ಲಿ ಮ್ಯಾನೇಜ್‌ಮೆಂಟ್ ಓದಿದ ಮಂಜುನಾಥ್ ಷಣ್ಮುಗಂ ಇಂಡಿಯನ್ ಆಯಿಲ್‌ನ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿದ್ದರು. ಕಲಬೆರಕೆ ಇಂಧನ ಮಾರುತ್ತಿದ್ದ ಪೆಟ್ರೋಲ್ ಬಂಕೊಂದನ್ನು ಮುಚ್ಚಿಸಿದರು. ಅದು ಮತ್ತೆ ತೆರೆದಾಗ ತಪಾಸಣೆಗೆ ಹೋದರು. 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗೆ 27 ವರ್ಷ. ತರಬೇತಿಗಳಲ್ಲಿ ಅವರ ಕತೆಯನ್ನೂ ‘ಡೈಲೆಮಾ’ ಎಂಬ ತಲೆಬರಹದಡಿ ಹೇಳುವುದುಂಟು, ಅದು ಅವರಿಗೆ ಮಾಡುವ ಅಪಚಾರ. ಸೀಮೆಎಣ್ಣೆ ಬೆರೆಸಿದ ಡೀಸೆಲ್ ಮಾರಲು ಬಿಡಬೇಕೇ ಬೇಡವೇ ಎಂಬುದರಲ್ಲಿ ಸಂದೇಹಕ್ಕೆ ಎಡೆಯೇ ಇರಲಿಲ್ಲ. ಇದ್ದದ್ದು ಅಪಾಯ. ಸರಿಯಾದದ್ದು ಯಾವುದೆಂದು ತಿಳಿಯದವನಿಗೆ ತತ್ತ್ವಶಾಸ್ತ್ರ ಸಹಾಯ ಮಾಡಬಹುದು. ತಿಳಿದೂ ಜೀವಕ್ಕೆ ಹೆದರಬೇಕಾದವನಿಗೆ ಬೇಕಾದದ್ದು ರಕ್ಷಣೆ, ವಕೀಲ, ಜೊತೆಗೆ ನಿಲ್ಲುವ ಸಂಸ್ಥೆ. ಎರಡನೆಯದನ್ನು ಒದಗಿಸಲಾಗದ ನಾವು ಮೊದಲನೆಯದರ ಕಾರ್ಯಾಗಾರ ನಡೆಸುತ್ತಿದ್ದೇವೆ.

ಮಂಜುನಾಥ್ ಕೊಲೆಗಾರರ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಎತ್ತಿಹಿಡಿಯಿತು. ಅದರ ಹಿಂದಿನ ವರ್ಷ, 2014ರ ಮೇ ತಿಂಗಳಲ್ಲಿ, ಭ್ರಷ್ಟಾಚಾರ ಬಯಲಿಗೆಳೆದವರ ರಕ್ಷಣೆಯ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿತ್ತು. ಆ ಕಾಯ್ದೆ ಸರ್ಕಾರಿ ನೌಕರರ ಮೇಲಿನ ದೂರುಗಳಿಗೆ ಸಂಬಂಧಿಸಿದ್ದು, ಖಾಸಗಿ ಕಂಪನಿಯ ಗುಮಾಸ್ತನಿಗೆ ಅದರಲ್ಲಿ ಜಾಗವೇ ಇಲ್ಲ. ಅಂಕಿತ ಬಿದ್ದು ವರ್ಷಗಳೇ ಉರುಳಿದರೂ ಅದನ್ನು ಜಾರಿಗೆ ತರುವ ಅಧಿಸೂಚನೆ ಹೊರಬಿದ್ದಿಲ್ಲ.